ಲ್ಯಾಟಿನ್ ಕಿರುನುಡಿಗಳೂ ಕನ್ನಡದ ವಿಭಕ್ತಿಗಳೂ

ಲ್ಯಾಟಿನ್ ಭಾಷೆಯು ನಮ್ಮ ನಾಡಿನಲ್ಲಿ ಯಾರ ಮನೆಮಾತೂ ಅಲ್ಲ. ಆದರೂ ಅದರ ಎರಡು ಮೂರು ಪದಗಳ ಕಿರುನುಡಿಗಳು ನಮ್ಮ ದಿನದಿನದ ವ್ಯವಹಾರದಲ್ಲಿ ಹಾಸುಹೊಕ್ಕಾಗಿ ಸೇರಿಕೊಂಡಿವೆ. ನ್ಯಾಯಾಲಯದ ತೀರ್ಪಿನಲ್ಲಿ ‘ಪ್ರೈಮಾ ಫೇಸಿ’ ಎಂದೂ, ವಿಧಾನಸಭೆಯ ವರದಿಯಲ್ಲಿ ‘ಸೈನ್ ಡೈ’ ಎಂದೂ, ಶಾಲೆಯ ಕಛೇರಿಯಲ್ಲಿ ‘ಬೋನಫೈಡ್’ ಎಂದೂ, ಸಂಘಗಳ ನಿಯಮಾವಳಿಯಲ್ಲಿ ‘ಎಕ್ಸ್ ಅಫಿಷಿಯೊ’ ಎಂದೂ, ವೃತ್ತಪತ್ರಿಕೆಗಳಲ್ಲಿ ‘ಸುಮೋಟೊ’ ಎಂದೂ ಅವು ಕಾಣಬರುತ್ತವೆ. ಇವುಗಳಿಗೆ ಕನ್ನಡದಲ್ಲಿ ಪ್ರತಿಪದಗಳೂ ಹುಟ್ಟಿವೆ. ಆ ಪ್ರತಿಪದಗಳಲ್ಲಿ ಕೆಲವು ಅತ್ಯುತ್ತಮವಾಗಿವೆ, ಕೆಲವು ಸಾಧಾರಣವಾಗಿವೆ, ಮತ್ತೆ ಕೆಲವು ಮೂಲದ ಅರ್ಥವನ್ನೇ ಬೇರೆಡೆಗೆ ತಿರುಗಿಸಿಬಿಡುತ್ತವೆ. ಈ ತಾರತಮ್ಯಕ್ಕೆ ಕಾರಣವೇನೆಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ನಿವೇದಿಸುತ್ತೇನೆ. ಈ ಕಿರುನುಡಿಗಳ ಜೀವವು ಅವುಗಳ ಪ್ರಕೃತಿಯಲ್ಲಿ, ಎಂದರೆ ಮೂಲಶಬ್ದದಲ್ಲಿ, ಇರುವುದಕ್ಕಿಂತ ಹೆಚ್ಚಾಗಿ ಅವುಗಳ ಪ್ರತ್ಯಯದಲ್ಲಿದೆ. ಯಾವುದರಿಂದ, ಯಾವುದಕ್ಕಾಗಿ, ಯಾರು, ಯಾರನ್ನು ಎಂಬ ಕಾರಕಸಂಬಂಧವನ್ನು ಲ್ಯಾಟಿನ್ ಪದದ ಕೊನೆಯ ಒಂದೆರಡು ಅಕ್ಷರಗಳು ಹೇಳುತ್ತವೆ. ಇಂಗ್ಲಿಷ್ ಭಾಷೆಯು ನಾಮವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದರಿಂದ, ಇಂಗ್ಲಿಷರು ಈ ನುಡಿಗಳನ್ನು ಬಿಡಿಸದೆ ಇಡಿಯಾಗಿ ಎತ್ತಿಕೊಂಡು ಒಮ್ಮೆ ವಿಶೇಷಣವಾಗಿಯೂ ಒಮ್ಮೆ ನಾಮಪದವಾಗಿಯೂ ಬಳಸಿದರು. ನಾವು ಆ ಬಳಕೆಯನ್ನು ನೋಡಿ ಕನ್ನಡಿಸಿದೆವು. ಪ್ರಕೃತಿ ಬಂದು ಸೇರಿತು. ಪ್ರತ್ಯಯ ದಾರಿಯಲ್ಲಿ ಉದುರಿಹೋಯಿತು. ಆ ಪ್ರತ್ಯಯಕ್ಕೆ ಎಣೆಯಾದುದು ಕನ್ನಡದಲ್ಲಿ ಇಲ್ಲದಿದ್ದರೆ ಈ ನಷ್ಟವನ್ನು ಸಹಿಸಬಹುದಾಗಿತ್ತು. ಆದರೆ ಎಣೆಯಾದುದು ಇದೆ. ಮಕ್ಕಳೂ ಬಲ್ಲ ಪ್ರತ್ಯಯವದು.

ಇಂಗ್ಲಿಷಿನ ನಡುವಣ ಸಹಾಯವಿಲ್ಲದೆ ಲ್ಯಾಟಿನ್ನಿಗೂ ಕನ್ನಡಕ್ಕೂ ನೇರವಾಗಿ ಸೇತುವೆ ಕಟ್ಟುವುದು ಅಸಾಧ್ಯವೇನೂ ಅಲ್ಲವೆಂಬುದಕ್ಕೆ ಬೆಂಗಳೂರೇ ಸಾಕ್ಷಿಯಾಗಿದೆ. ಕ್ಯಾಥೊಲಿಕ್ ಪಾದ್ರಿಗಳು ತಮ್ಮ ಉಪಯೋಗಕ್ಕಾಗಿ ಸಿದ್ಧಪಡಿಸಿದ ಕನ್ನಡ–ಲ್ಯಾಟಿನ್ ನಿಘಂಟು ೧೮೫೫ರಲ್ಲಿಯೂ ಲ್ಯಾಟಿನ್–ಕನ್ನಡ ನಿಘಂಟು ೧೮೬೧ರಲ್ಲಿಯೂ ಈ ಊರಿನಲ್ಲಿಯೇ ಅಚ್ಚಾದವು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದುದು ೧೮೯೪ರಲ್ಲಿ. ಹಾಗೆ ನೋಡಿದರೆ ಲ್ಯಾಟಿನ್–ಕನ್ನಡಗಳ ಈ ನೇರವಾದ ಸಂಬಂಧವು ಕಿಟ್ಟೆಲರ ಮಹಾಗ್ರಂಥಕ್ಕಿಂತ ಒಂದು ತಲೆಮಾರು ಹಿಂದಿನದು. ಆ ದಾರಿಯಲ್ಲಿ ಹುಲ್ಲು ಬೆಳೆದಿರುವುದು ಅನಂತರದ ಕಾಲದಲ್ಲಿ.

೧. ‘ಇಂದ’ ಎಂಬ ಪ್ರತ್ಯಯ

ಲ್ಯಾಟಿನ್ ವೈಯಾಕರಣರು ಸಂಬೋಧನೆಯೂ ಸೇರಿ ಆರು ವಿಭಕ್ತಿಗಳನ್ನು ಎಣಿಸುತ್ತಾರೆ. ಸಂಸ್ಕೃತದಲ್ಲಿ ತೃತೀಯೆಯೂ ಪಂಚಮಿಯೂ ಮಾಡುವ ಕೆಲಸವನ್ನು, ಅನೇಕ ಕಡೆ ಸಪ್ತಮಿಯ ಕೆಲಸವನ್ನು ಕೂಡ, ಅಲ್ಲಿ ‘ಅಬ್ಲೇಟಿವ್’ ಎಂಬ ಒಂದೇ ವಿಭಕ್ತಿ ಮಾಡುತ್ತದೆ. ಸಂಸ್ಕೃತವನ್ನೋದಿದವನಿಗೆ ಇದು ಮೊದಲು ತೊಡಕಾಗಿ ತೋರುವುದು ಸಹಜ: ಒಂದು ಪದವನ್ನು ಕಂಡಾಗ ಕರಣವೋ ಅಪಾದಾನವೋ ಎಂದು ಪ್ರತಿಸಲವೂ ವಿಚಾರಮಾಡಬೇಕಾಗುತ್ತದೆ. ಕನ್ನಡಿಗನಿಗಾದರೋ ಈ ತೊಡಕಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತೃತೀಯೆಗೂ ಪಂಚಮಿಗೂ ಬೇರೆ ಬೇರೆ ಪ್ರತ್ಯಯಗಳನ್ನು ವಿಧಿಸಿದ್ದಾನೆ. ಆದರೆ ಹೊಸಗನ್ನಡದಲ್ಲಿ ‘ಕೊಡಲಿಯಿಂದ ಕಡಿದನು’ ಎಂಬಲ್ಲಿಯೂ ‘ಮರದಿಂದ ಬಿದ್ದನು’ ಎಂಬಲ್ಲಿಯೂ ‘ಭಯದಿಂದ ಓಡಿದನು’ ಎಂಬಲ್ಲಿಯೂ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕಾಗುತ್ತದೆ. ಕರಣ, ಅಪಾದಾನ, ಹೇತು ಈ ಮೂರನ್ನೂ ಹೊರುವ ಲ್ಯಾಟಿನ್ ವಿಭಕ್ತಿಗೆ, ಅದೇ ಮೂರನ್ನೂ ಹೊರುವ ಈ ಕನ್ನಡ ಪ್ರತ್ಯಯವು ಸಂಸ್ಕೃತದ ಯಾವೊಂದು ವಿಭಕ್ತಿಗಿಂತಲೂ ಸಮೀಪವಾದುದು.

ಇದನ್ನು ಎರಡು ಧ್ಯೇಯವಾಕ್ಯಗಳಿಂದ ಪರೀಕ್ಷಿಸೋಣ. ೧೮೮೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಂತ ಜೋಸೆಫರ ವಿದ್ಯಾಸಂಸ್ಥೆಯ ಧ್ಯೇಯವಾಕ್ಯ ‘ಫಿದೆ ಎತ್ ಲಬೋರೆ’ ಎಂಬುದು. ಇದಕ್ಕೆ ಪ್ರಚಾರದಲ್ಲಿರುವ ಇಂಗ್ಲಿಷ್ ಅನುವಾದದ ತಾತ್ಪರ್ಯ ‘ಶ್ರದ್ಧೆ ಮತ್ತು ಶ್ರಮ’ ಎಂದು. ಎರಡು ನಾಮಪದಗಳು ಅಕ್ಕಪಕ್ಕದಲ್ಲಿ ಸುಮ್ಮನೆ ನಿಂತಿವೆ. ಅವುಗಳಿಗೂ ವಿದ್ಯಾರ್ಥಿಗೂ ಏನು ಸಂಬಂಧವೆಂದು ಅನುವಾದ ಹೇಳುವುದಿಲ್ಲ. ಮೂಲವು ಹೇಳುತ್ತದೆ, ಎರಡು ಪದಗಳೂ ಅಬ್ಲೇಟಿವ್ ವಿಭಕ್ತಿಯಲ್ಲಿವೆ. ‘ಶ್ರದ್ಧೆಯಿಂದಲೂ ಶ್ರಮದಿಂದಲೂ’ ಎಂದೊಡನೆ ಅಧ್ಯಾಹಾರವಾದ ಒಂದು ಕ್ರಿಯೆ ಮನಸ್ಸಿಗೆ ಹೊಳೆಯುತ್ತದೆ. ಇನ್ನೊಂದು, ೧೮೮೦ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಷಿಯಸ್ ವಿದ್ಯಾಸಂಸ್ಥೆಯದು: ‘ಲೂಸೆತ್ ಎತ್ ಆರ್ದೆತ್’. ಇವೆರಡೂ ಪ್ರಥಮಪುರುಷ ಏಕವಚನದ ವರ್ತಮಾನ ಕ್ರಿಯಾಪದಗಳು. ಮೊದಲನೆಯದರ ಧಾತುವು ಸಂಸ್ಕೃತದ ‘ರುಚ್’ ಧಾತುವಿನ ದಾಯಾದಿ. ‘ಬೆಳಗುತ್ತದೆ, ಉರಿಯುತ್ತದೆ’ ಎಂದಷ್ಟೇ ಅರ್ಥ. ಇಂಗ್ಲಿಷಿನಲ್ಲಿ ಇದು ‘ಹೊತ್ತಿಸುವುದಕ್ಕಾಗಿ ಬೆಳಗು’ ಎಂಬ ವಿಧಿವಾಕ್ಯವಾಗಿದೆ. ಮೂಲದಲ್ಲಿ ದೀಪದ ಸ್ವಭಾವವರ್ಣನೆ, ಅನುವಾದದಲ್ಲಿ ಶಿಷ್ಯನಿಗೆ ಉಪದೇಶ. ಉಪದೇಶವು ಒಳ್ಳೆಯದೇ, ಆದರೆ ಅದು ಮೂಲದಲ್ಲಿಲ್ಲ. ಇಂಗ್ಲಿಷನ್ನು ಕನ್ನಡಿಸುವವನು ಈ ಎರಡನೆಯದನ್ನು ಮೂಲವೆಂದು ನಂಬುತ್ತಾನೆ. ಧ್ಯೇಯವಾಕ್ಯದಲ್ಲಿ ಇದರಿಂದ ಯಾರಿಗೂ ಹಾನಿಯಿಲ್ಲ. ವ್ಯವಹಾರದ ನುಡಿಗಳಲ್ಲಿ ಹಾನಿಯುಂಟೆಂಬುದನ್ನು ಮುಂದೆ ನೋಡುವೆವು.

೨. ನಾಲ್ಕು ನುಡಿಗಳ ಪರೀಕ್ಷೆ

‘ಪ್ರೈಮಾ ಫೇಸಿ’ ಎಂಬುದು ‘ಮೊದಲ ನೋಟದಿಂದ’ ಎಂಬರ್ಥದ ಅಬ್ಲೇಟಿವ್ ಪದದ್ವಂದ್ವ. ಇದಕ್ಕೆ ಸಂಸ್ಕೃತಜ್ಞರು ‘ಪ್ರಥಮದೃಷ್ಟ್ಯಾ’ ಎಂದರು. ದೃಷ್ಟಿಶಬ್ದದ ತೃತೀಯಾಂತರೂಪವದು, ಮೂಲದ ವಿಭಕ್ತಿಯೂ ಉಳಿದಿದೆ. ಕನ್ನಡ ಪತ್ರಿಕೆಗಳು ‘ಮೇಲ್ನೋಟಕ್ಕೆ’ ಎನ್ನುತ್ತವೆ. ಇಲ್ಲಿ ವಿಭಕ್ತಿ ಚತುರ್ಥಿಯಾದರೂ ಪದವು ಕ್ರಿಯಾವಿಶೇಷಣವಾಗಿಯೇ ನಿಂತಿದೆ. ಒಳಹೊಕ್ಕು ನೋಡಿದರೆ ಬೇರೆಯಾಗಿ ಕಾಣಬಹುದೆಂಬ ಧ್ವನಿಯೂ ಉಂಟು. ಆದಕಾರಣ ಇದು ಸಂಸ್ಕೃತರೂಪಕ್ಕಿಂತ ಒಂದು ಕೈ ಮೇಲೆಂದೇ ಹೇಳಬೇಕು. ‘ಎಕ್ಸ್ ಅಫಿಷಿಯೊ’ ಎಂಬುದಕ್ಕೆ ನಮ್ಮ ಆಡಳಿತಭಾಷೆಯಲ್ಲಿರುವ ‘ಪದನಿಮಿತ್ತ’ ಎಂಬ ಪದವೂ ಅಷ್ಟೇ ಶ್ಲಾಘ್ಯವಾದುದು. ಪದವಿಯ ದೆಸೆಯಿಂದ, ಅದನ್ನು ನಿಮಿತ್ತವಾಗಿ ಮಾಡಿಕೊಂಡು, ಒಬ್ಬನು ಸದಸ್ಯನಾಗುತ್ತಾನೆ. ಪದವಿ ಹೋದರೆ ಸದಸ್ಯತ್ವವೂ ಹೋಗುತ್ತದೆ. ‘ಎಕ್ಸ್’ ಎಂಬ ಉಪಪದದ ಹೇತ್ವರ್ಥವನ್ನು ‘ನಿಮಿತ್ತ’ ಶಬ್ದವು ಪೂರ್ಣವಾಗಿ ಹಿಡಿದಿದೆ. ಈ ಪದವನ್ನು ರಚಿಸಿದವರು ಪ್ರತ್ಯಯವನ್ನು ಕಂಡವರು.

ಇನ್ನು ‘ಸುವೊ ಮೋಟು’ ಎಂಬುದನ್ನು ನೋಡೋಣ. ನ್ಯಾಯಾಲಯವೋ ಆಯೋಗವೋ ಪೊಲೀಸರೋ ಯಾರ ದೂರನ್ನೂ ಕಾಯದೆ ತಾವಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಾಗ ಈ ಮಾತು ಬರುತ್ತದೆ. ‘ತನ್ನ ಪ್ರೇರಣೆಯಿಂದ’ ಎಂದು ಅಕ್ಷರಾರ್ಥ. ನಮ್ಮ ದೇಶದ ಇಂಗ್ಲಿಷಿನಲ್ಲಿ ಇದನ್ನು ‘ಸುವೊ ಮೋಟೊ’ ಎಂದು ಬರೆಯುವ ರೂಢಿ ಹರಡಿ, ಕನ್ನಡದಲ್ಲಿ ಅದು ‘ಸುಮೋಟೊ’ ಆಗಿದೆ. ‘ಮೋಟುಸ್’ ಶಬ್ದವು ಉಕಾರಾಂತವರ್ಗಕ್ಕೆ ಸೇರಿದುದರಿಂದ ‘ಮೋಟು’ ಎಂಬುದೇ ಸಾಧುರೂಪ. ‘ಮೋಟೊ’ ಎನ್ನುವುದು ‘ಗುರುಣಾ’ ಎನ್ನಬೇಕಾದಲ್ಲಿ ‘ಗುರೇಣ’ ಎಂದಂತೆ. ಇದು ರೂಪದ ದೋಷ. ಕನ್ನಡದ ಪ್ರತಿಪದದಲ್ಲಿರುವುದು ಅರ್ಥದ ದೋಷ. ‘ಸ್ವಯಂಪ್ರೇರಿತ ಪ್ರಕರಣ’ ಎಂದು ಬರೆಯುತ್ತಾರೆ. ಪ್ರೇರಿತವಾದುದು ಪ್ರಕರಣವೇ? ಅಲ್ಲ, ಪ್ರೇರಣೆಗೊಂಡವನು ನ್ಯಾಯಾಧೀಶನು. ಮೂಲದಲ್ಲಿ ಕರ್ತೃವಿಗೆ ಸಂಬಂಧಿಸಿದ ಕ್ರಿಯಾವಿಶೇಷಣವನ್ನು ಕನ್ನಡದಲ್ಲಿ ಕರ್ಮದ ವಿಶೇಷಣವಾಗಿ ಮಾಡಿದ್ದರಿಂದ ಪ್ರಕರಣವು ತಾನೇ ನಡೆದುಬಂದು ಕಟಕಟೆಯಲ್ಲಿ ನಿಂತಂತಾಗಿದೆ. ‘ನ್ಯಾಯಾಲಯವು ಸ್ವಪ್ರೇರಣೆಯಿಂದ ದಾಖಲಿಸಿಕೊಂಡ ಪ್ರಕರಣ’ ಎಂದರೆ ದೋಷವು ಹೋಗುತ್ತದೆ. ಸೇರಿಸಬೇಕಾದುದು ಒಂದು ‘ಇಂದ’ ಮಾತ್ರ.

‘ಬೋನಾ ಫಿದೆ’ ಎಂಬುದು ಮೇಲೆ ಕಂಡ ‘ಫಿದೆ’ ಪದವೇ, ‘ಒಳ್ಳೆಯ’ ಎಂಬ ವಿಶೇಷಣದೊಡನೆ. ‘ಸದ್ಭಾವದಿಂದ’ ಎಂದರ್ಥ. ಇದನ್ನು ಇಂಗ್ಲಿಷರು ‘ನಿಜವಾದ’ ಎಂಬರ್ಥದ ವಿಶೇಷಣವಾಗಿ ಮಾಡಿಕೊಂಡರು. ಅದರ ಪ್ರಥಮಾಂತವಾದ ‘ಬೋನಾ ಫಿದೆಸ್’ ಎಂಬ ಏಕವಚನವನ್ನು ಕೊನೆಯ ಸಕಾರಕ್ಕೆ ಮೋಸಹೋಗಿ ಬಹುವಚನವೆಂದೂ ಎಣಿಸತೊಡಗಿದರು. ಹೀಗಾಗಿ ನಮ್ಮ ಶಾಲೆಗಳಲ್ಲಿ ‘ಬೋನಫೈಡ್ ಸರ್ಟಿಫಿಕೇಟ್’ ಎಂಬುದು ‘ಈತನು ನಿಜವಾಗಿಯೂ ನಮ್ಮ ವಿದ್ಯಾರ್ಥಿ’ ಎಂಬ ಪತ್ರವಾಗಿದೆ. ಇಲ್ಲಿ ಸದ್ಭಾವಕ್ಕೆ ಕೆಲಸವಿಲ್ಲ. ‘ವ್ಯಾಸಂಗ ದೃಢೀಕರಣ ಪತ್ರ’ ಎಂದು ಪ್ರಯೋಜನವನ್ನೇ ನೋಡಿ ಕನ್ನಡಿಸಿದುದು ಯುಕ್ತವಾಗಿದೆ. ಆದರೆ ಕ್ರಯಪತ್ರದ ವ್ಯಾಜ್ಯದಲ್ಲಿ ‘ಬೋನಫೈಡ್ ಖರೀದಿದಾರ’ ಎಂದಾಗ ‘ನಿಜವಾದ ಖರೀದಿದಾರ’ ಎಂದು ಕನ್ನಡಿಸಿದರೆ ಕೆಡುತ್ತದೆ. ಅವನು ನಿಜವಾಗಿ ಹಣಕೊಟ್ಟು ಕೊಂಡನೇ ಎಂಬುದೊಂದೇ ಅಲ್ಲಿಯ ಪ್ರಶ್ನೆಯಲ್ಲ. ಮಾರುವವನ ಹಕ್ಕಿನಲ್ಲಿ ದೋಷವಿದೆಯೆಂಬುದನ್ನು ಅರಿಯದೆ ಸದ್ಭಾವದಿಂದ ಕೊಂಡನೇ ಎಂಬುದೂ ಪ್ರಶ್ನೆ. ಒಂದೇ ನುಡಿಗೆ ಎರಡು ಸ್ಥಳಗಳಲ್ಲಿ ಎರಡು ಕನ್ನಡ ಬೇಕಾಗುವುದು ಹೀಗೆ.

‘ಎಕ್ಸ್ ಪಾರ್ಟೆ’ ಎಂದರೆ ‘ಒಂದು ಪಕ್ಷದ ಕಡೆಯಿಂದ’. ಪ್ರತಿವಾದಿಯು ಹಾಜರಾಗದೆ ಇದ್ದಾಗ ವಾದಿಯೊಬ್ಬನನ್ನೇ ಕೇಳಿ ಮಾಡಿದ ಡಿಕ್ರಿಯನ್ನು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಈ ಹೆಸರಿನಿಂದ ಕರೆಯುತ್ತದೆ. ಅದನ್ನು ರದ್ದುಪಡಿಸಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ಕನ್ನಡದಲ್ಲಿ ಇದು ‘ಏಕಪಕ್ಷೀಯ ಡಿಕ್ರಿ’. ಆದರೆ ಅದೇ ‘ಏಕಪಕ್ಷೀಯ’ ಶಬ್ದವು ಪತ್ರಿಕೆಗಳಲ್ಲಿ ‘ಇತರರನ್ನು ಕೇಳದೆ ತಾನೊಬ್ಬನೇ ಮಾಡಿದ’ ಎಂಬ ನಿಂದೆಯ ಅರ್ಥದಲ್ಲಿ ನೆಲೆಗೊಂಡಿದೆ. ಹಳ್ಳಿಯಿಂದ ಬಂದ ಪ್ರತಿವಾದಿಯು ಈ ಪದವನ್ನೋದಿ ನ್ಯಾಯಾಧೀಶರು ಪಕ್ಷಪಾತ ಮಾಡಿದರೆಂದು ತಿಳಿದರೆ ಅವನ ತಪ್ಪೇನು? ತಾನು ಗೈರುಹಾಜರಾಗಿದ್ದುದೇ ಕಾರಣ, ಸಕಾರಣವನ್ನು ತೋರಿಸಿದರೆ ಮತ್ತೆ ವಿಚಾರಣೆಯಾಗಬಹುದು ಎಂಬ ಮುಖ್ಯವಿಷಯವೇ ಅವನಿಗೆ ತಿಳಿಯದೆ ಹೋಗುತ್ತದೆ. ‘ಎದುರುಪಕ್ಷದ ಗೈರುಹಾಜರಿಯಲ್ಲಿ ಆದ ಡಿಕ್ರಿ’ ಎಂದರೆ ಮಾತು ಉದ್ದವಾಗುವುದು ನಿಜ, ಆದರೆ ತಿಳಿಯುತ್ತದೆ.

೩. ಉದ್ದೇಶವೂ ಕಾಲವೂ

‘ಅಡ್ ಹಾಕ್’ ಎಂಬುದರಲ್ಲಿ ‘ಹೋಕ್’ ಎಂಬುದು ಸಮೀಪವಸ್ತುವನ್ನು ತೋರಿಸುವ ಸರ್ವನಾಮದ ನಪುಂಸಕ ದ್ವಿತೀಯಾಂತರೂಪ, ‘ಇದಕ್ಕಾಗಿ’ ಎಂದರ್ಥ. ಕನ್ನಡದಲ್ಲಿ ಇದನ್ನು ‘ತಾತ್ಕಾಲಿಕ’ ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಮೂಲವು ಉದ್ದೇಶವನ್ನು ಹೇಳುತ್ತದೆ, ಅನುವಾದವು ಕಾಲವನ್ನು ಹೇಳುತ್ತದೆ. ಒಂದೇ ಕಾರ್ಯಕ್ಕಾಗಿ ನೇಮಿತವಾದ ಸಮಿತಿಯು ಹತ್ತು ವರ್ಷ ಕುಳಿತಿರಬಹುದು. ಹದಿನೈದು ದಿನಗಳ ಸಮಿತಿಯು ನಾನಾ ಕಾರ್ಯಗಳನ್ನು ನೋಡಬಹುದು. ಸಮಿತಿಯ ಅಧಿಕಾರವು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನಿರ್ಣಯಿಸಬೇಕಾದಾಗ ಈ ಭೇದವೇ ಮುಖ್ಯವಾಗುತ್ತದೆ. ಹಿಂದಿಯವರು ‘ತದರ್ಥ’ ಎಂಬ ಪದವನ್ನಿಟ್ಟುಕೊಂಡು ಉದ್ದೇಶವನ್ನು ಉಳಿಸಿಕೊಂಡಿದ್ದಾರೆ. ‘ಇದು’ ಎಂಬುದು ‘ಅದು’ ಆಗಿದೆಯಷ್ಟೆ. ‘ಏತದರ್ಥ’ ಎಂದರೆ ಮೂಲಕ್ಕೆ ಅಕ್ಷರಶಃ ಸರಿಹೊಂದುತ್ತದೆ. ಪಂಡಿತರ ಪದವೆನಿಸಿದರೆ ‘ಇದಕ್ಕೆಂದೇ ಮಾಡಿದ ಸಮಿತಿ’ ಎಂದು ಬರೆಯಲು ಅಡ್ಡಿಯೇನು?

‘ಸೈನ್ ಡೈ’ ಎಂಬುದರ ಅರ್ಥ ‘ದಿನವಿಲ್ಲದೆ’ ಎಂದು. ಮುಂದಿನ ಅಧಿವೇಶನದ ದಿನವನ್ನು ಗೊತ್ತುಮಾಡದೆ ಸಭೆಯನ್ನು ಮುಂದೂಡುವುದು. ‘ಅನಿರ್ದಿಷ್ಟಾವಧಿಗೆ ಮುಂದೂಡಲಾಯಿತು’ ಎಂಬುದು ನಮ್ಮ ಪ್ರಯೋಗ. ದಿನವು ಒಂದು ಬಿಂದು, ಅವಧಿಯು ಒಂದು ರೇಖೆ. ಆದರೂ ದಿನ ಗೊತ್ತಿಲ್ಲದಿದ್ದರೆ ಅವಧಿಯೂ ಅನಿರ್ದಿಷ್ಟವಾಗಿಯೇ ಇರುವುದರಿಂದ ಇಲ್ಲಿ ಅರ್ಥಹಾನಿಯಿಲ್ಲ. ಪ್ರತಿಯೊಂದು ಅಂತರವೂ ದೋಷವಲ್ಲವೆಂದು ತೋರಿಸುವುದಕ್ಕಾಗಿಯೇ ಈ ಉದಾಹರಣೆಯನ್ನು ಕೊಟ್ಟಿದ್ದೇನೆ.

೪. ಐದು ಆಜ್ಞೆಗಳು

ಭಾರತ ಸಂವಿಧಾನದ ೩೨ನೆಯ ಮತ್ತು ೨೨೬ನೆಯ ಅನುಚ್ಛೇದಗಳಲ್ಲಿ ಐದು ಬಗೆಯ ರಿಟ್ಟುಗಳು ಉಕ್ತವಾಗಿವೆ. ಇವುಗಳಲ್ಲಿ ನಾಲ್ಕರ ಹೆಸರುಗಳು ಲ್ಯಾಟಿನ್ ನುಡಿಗಳು. ಬಂದೀ ಪ್ರತ್ಯಕ್ಷೀಕರಣ, ಪರಮಾದೇಶ, ಪ್ರತಿಷೇಧ, ಅಧಿಕಾರಪೃಚ್ಛೆ, ಉತ್ಪ್ರೇಷಣ ಎಂಬ ಸಂಸ್ಕೃತಪದಗಳು ಹಿಂದಿಯ ಸಂವಿಧಾನಪಾಠದಲ್ಲಿವೆ. ಅವು ಕನ್ನಡದಲ್ಲಿಯೂ ಹೆಚ್ಚುಕಡಮೆಯಾಗಿ ಬಳಕೆಗೆ ಬಂದಿವೆ. ಇವೆಲ್ಲವೂ ನಾಮಪದಗಳು. ಲ್ಯಾಟಿನ್ನಿನಲ್ಲಿಯಾದರೋ ಮೂರು ಆಖ್ಯಾತಗಳು, ಒಂದು ಪ್ರಶ್ನೆ. ‘ಮ್ಯಾಂಡಮಸ್’ ಎಂಬುದು ಉತ್ತಮಪುರುಷ ಬಹುವಚನ: ‘ಆಜ್ಞಾಪಿಸುತ್ತೇವೆ’ ಎಂದು. ಅದರ ಕೊನೆಯ ‘ಮಸ್’ ಸಂಸ್ಕೃತದ ‘ಆದಿಶಾಮಃ’ ಎಂಬಲ್ಲಿಯ ‘ಮಃ’ ಪ್ರತ್ಯಯದ ಸೋದರ. ‘ಕೋ ವಾರಂಟೊ’ ಎಂಬುದು ‘ಯಾವ ಅಧಿಕಾರದಿಂದ?’ ಎಂಬ ಪ್ರಶ್ನೆ. ಇದರಲ್ಲಿ ಎರಡನೆಯ ಪದವು ಹಳೆಯ ರೋಮಿನದಲ್ಲ. ಜರ್ಮಾನಿಕ ಮೂಲದ ಪದವೊಂದು ಫ್ರೆಂಚಿನ ಮೂಲಕ ಮಧ್ಯಯುಗದ ಲ್ಯಾಟಿನ್ನಿಗೆ ಬಂದು ಅಬ್ಲೇಟಿವ್ ಪ್ರತ್ಯಯವನ್ನು ಧರಿಸಿಕೊಂಡಿದೆ. ‘ಸರ್ಷಿಯೋರರಿ’ ಎಂಬುದು ‘ಹೆಚ್ಚು ನಿಶ್ಚಿತವಾಗಿ ತಿಳಿಸಲ್ಪಡುವುದು’ ಎಂಬರ್ಥದ ಕರ್ಮಣಿರೂಪ. ಮೇಲಿನ ನ್ಯಾಯಾಲಯವು ತಾನು ತಿಳಿಯಬಯಸುತ್ತೇನೆಂದು ಹೇಳಿ ಕೆಳಗಿನವರಿಂದ ಕಡತವನ್ನು ತರಿಸಿಕೊಳ್ಳುತ್ತದೆ. ‘ಉತ್ಪ್ರೇಷಣ’ ಎಂಬ ಪದವು ಕಡತ ಮೇಲಕ್ಕೆ ಹೋಗುವುದನ್ನು ಹೇಳುತ್ತದೆಯೇ ಹೊರತು ಏತಕ್ಕೆ ಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ‘ಹೇಬಿಯಸ್ ಕಾರ್ಪಸ್’. ‘ಕಾರ್ಪಸ್’ ನಪುಂಸಕಲಿಂಗ, ಸಂಸ್ಕೃತದಂತೆಯೇ ಅಲ್ಲಿಯೂ ನಪುಂಸಕದಲ್ಲಿ ಪ್ರಥಮೆಯೂ ದ್ವಿತೀಯೆಯೂ ಏಕರೂಪವಾಗಿರುವುದರಿಂದ ಇದನ್ನು ‘ಶರೀರವನ್ನು’ ಎಂದು ದ್ವಿತೀಯೆಯಾಗಿ ತೆಗೆದುಕೊಳ್ಳಬೇಕು. ‘ಹೇಬಿಯಸ್’ ಎಂಬುದು ನಮ್ಮ ವಿಧಿಲಿಙ್‌ಗೆ ಸಮಾನವಾದ ಲಕಾರದ ಮಧ್ಯಮಪುರುಷ ಏಕವಚನ. ‘ನೀನು ತಂದಿರಿಸತಕ್ಕದ್ದು’ ಎಂದು ತಾತ್ಪರ್ಯ. ಈ ‘ನೀನು’ ಯಾರು? ಬಂದಿಯಲ್ಲ, ಬಂಧಿಸಿಟ್ಟವನು. ಆಜ್ಞೆಯು ಸೆರೆಯ ಯಜಮಾನನ ಕಡೆಗೆ ಬೆರಳು ತೋರಿಸುತ್ತದೆ. ‘ಬಂದೀ ಪ್ರತ್ಯಕ್ಷೀಕರಣ’ ಎಂಬ ಪದದಲ್ಲಿ ಆ ಬೆರಳಿಲ್ಲ. ಪ್ರತ್ಯಕ್ಷಗೊಳಿಸುವವನು ಯಾರೆಂದು ಭಾವನಾಮವು ಹೇಳಲಾರದು. ಆದರೂ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು: ‘ಶರೀರ’ ಎಂಬ ಮೂಲಪದವನ್ನು ಬಿಟ್ಟು ‘ಬಂದಿ’ ಎಂದುದು ಜಾಣತನ. ಕನ್ನಡದಲ್ಲಿ ‘ದೇಹವನ್ನು ಹಾಜರುಪಡಿಸು’ ಎಂದಿದ್ದರೆ ತಾಯಿಯೊಬ್ಬಳ ಎದೆ ಒಡೆಯುತ್ತಿತ್ತು.

ಈ ಎರಡು ಪದಗಳ ಬೆಲೆಯೇನೆಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ೧೯೭೫ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಘೋಷಿತವಾದಾಗ ಈ ಊರಿನಲ್ಲಿ ಬಂಧಿತರಾದ ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಬೇಡಿದುದು ಈ ಆಜ್ಞೆಯನ್ನೇ. ೧೯೭೬ರ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಜಬಲ್ಪುರದ ಪ್ರಕರಣದಲ್ಲಿ, ನಾಲ್ವರ ಬಹುಮತದಿಂದ, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೊಬ್ಬರು ಭಿನ್ನಾಭಿಪ್ರಾಯವನ್ನು ಬರೆದಿರಲು, ಆ ಕಾಲದಲ್ಲಿ ಅಂಥ ಅರ್ಜಿ ನಿಲ್ಲಲಾರದೆಂದು ತೀರ್ಪಿತ್ತಿತು. ಆ ತೀರ್ಪು ಸರಿಯಲ್ಲವೆಂದು ಅದೇ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ತಳ್ಳಿಹಾಕಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಷ್ಟು ದೊಡ್ಡ ವಿಷಯವನ್ನು ಹೊತ್ತ ನುಡಿಯನ್ನು ಮಕ್ಕಳಿಗೆ ಪಾಠ ಹೇಳುವಾಗ ‘ಬಂಧಿಸಿದವನೇ, ಬಂದಿಯನ್ನು ನಮ್ಮ ಮುಂದೆ ತಂದು ನಿಲ್ಲಿಸು’ ಎಂಬ ವಾಕ್ಯವನ್ನು ಮೊದಲು ಹೇಳಿ, ಆಮೇಲೆ ಪಾರಿಭಾಷಿಕಪದವನ್ನು ಹೇಳುವುದು ಉಚಿತ.

೫. ತಲೆ ಮತ್ತು ಕವಲು

ಕೊನೆಯದಾಗಿ, ಪ್ರತ್ಯಯದ ತಪ್ಪಿನಿಂದ ಹಣದ ಲೆಕ್ಕವೇ ಬದಲಾಗುವ ಒಂದು ನಿದರ್ಶನ. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ೧೯ನೆಯ ಪ್ರಕರಣದಲ್ಲಿ ‘ಪರ್ ಕ್ಯಾಪಿಟ’, ‘ಪರ್ ಸ್ಟರ್ಪೀಸ್’ ಎಂಬ ಎರಡು ನುಡಿಗಳು ಬರುತ್ತವೆ. ಅಧಿನಿಯಮವು ಬೇರೆ ರೀತಿಯಾಗಿ ಸ್ಪಷ್ಟವಾಗಿ ಹೇಳಿದ್ದ ಹೊರತು, ಒಟ್ಟಿಗೆ ಉತ್ತರಾಧಿಕಾರಿಗಳಾದವರು ಮೊದಲನೆಯ ಕ್ರಮದಿಂದ ಪಡೆಯಬೇಕು, ಎರಡನೆಯದರಿಂದಲ್ಲ ಎಂದು ಅದರ ಅಭಿಪ್ರಾಯ. ‘ಕ್ಯಾಪಿಟ’ ಎಂದರೆ ತಲೆಗಳು. ‘ಸ್ಟರ್ಪೀಸ್’ ಎಂದರೆ ಮರದ ಬುಡಗಳು, ಲಕ್ಷಣೆಯಿಂದ ವಂಶಗಳು. ೧೦ನೆಯ ಪ್ರಕರಣವು ಬೇರೆ ರೀತಿಯಾಗಿ ಹೇಳುವ ಸ್ಥಳ: ತಂದೆಗಿಂತ ಮೊದಲೇ ತೀರಿಕೊಂಡ ಮಗನ ಅಥವಾ ಮಗಳ ಕವಲಿನಲ್ಲಿರುವ ವಾರಸುದಾರರೆಲ್ಲರೂ ಸೇರಿ ಒಂದೇ ಪಾಲನ್ನು ಪಡೆಯತಕ್ಕದ್ದು.

ಇದನ್ನು ಲೆಕ್ಕದಿಂದ ತಿಳಿಯೋಣ. ಬೆಂಗಳೂರಿನ ಜಯನಗರವು ೧೯೪೮ರ ಸುಮಾರಿಗೆ ರೂಪುಗೊಂಡ ಬಡಾವಣೆ. ಅಲ್ಲಿ ಅಂದು ನಿವೇಶನವನ್ನು ಪಡೆದವರ ಆಸ್ತಿ ಇಂದು ಮಕ್ಕಳ ಮತ್ತು ಮೊಮ್ಮಕ್ಕಳ ಪಾಲಿಗೆ ಬಂದಿರುವುದು ಸಹಜ. ಅಂಥ ಒಬ್ಬ ಗೃಹಸ್ಥನು ಉಯಿಲಿಲ್ಲದೆ ತೀರಿಕೊಂಡನೆಂದೂ, ಸ್ವಾರ್ಜಿತವಾದ ಮನೆಯ ಬೆಲೆ ೧ ಕೋಟಿ ೨೦ ಲಕ್ಷ ರೂಪಾಯಿಯೆಂದೂ, ಒಬ್ಬ ಮಗನು ಬದುಕಿದ್ದಾನೆಂದೂ, ಇನ್ನೊಬ್ಬ ಮಗನು ಮೊದಲೇ ತೀರಿಕೊಂಡು ಅವನ ಮೂವರು ಮಕ್ಕಳು ಮಾತ್ರ ಇದ್ದಾರೆಂದೂ, ಬೇರೆ ವಾರಸುದಾರರಿಲ್ಲವೆಂದೂ ಊಹಿಸೋಣ. ತಲೆಯ ಲೆಕ್ಕದಿಂದ ನಾಲ್ಕು ಪಾಲಾಗಿ ಒಬ್ಬೊಬ್ಬರಿಗೆ ೩೦ ಲಕ್ಷ. ಕವಲಿನ ಲೆಕ್ಕದಿಂದ ಎರಡು ಪಾಲು: ಬದುಕಿರುವ ಮಗನಿಗೆ ೬೦ ಲಕ್ಷ, ತಂದೆಯಿಲ್ಲದ ಮೂವರಿಗೆ ತಲಾ ೨೦ ಲಕ್ಷ. ಇಂಥ ಸಂದರ್ಭದಲ್ಲಿ ಅಧಿನಿಯಮವು ವಿಧಿಸುವುದು ಎರಡನೆಯದನ್ನು. ೧೯ನೆಯ ಪ್ರಕರಣವನ್ನು ಮಾತ್ರ ಓದಿ, ಎರಡು ನುಡಿಗಳಿಗೂ ‘ಸಮಪಾಲು’ ಎಂಬಂಥ ಒಂದು ಮಸುಕು ಪದವನ್ನು ಬಳಸುವ ಬರಹಗಾರನು ಸಮಪಾಲು ಯಾರಲ್ಲಿ, ತಲೆಗಳಲ್ಲಿಯೋ ಕವಲುಗಳಲ್ಲಿಯೋ, ಎಂಬುದನ್ನು ಹೇಳದೆ ಉಳಿಸುತ್ತಾನೆ. ಆ ಒಂದು ಮೌನದಿಂದ ಅಣ್ಣತಮ್ಮಂದಿರ ಮಕ್ಕಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗಬಹುದು.

ಸೋಜಿಗವೇನೆಂದರೆ, ಈ ವಿಷಯದಲ್ಲಿ ನಾವು ಲ್ಯಾಟಿನ್ನಿನಿಂದ ಎರವಲು ತರಬೇಕಾದುದೇ ಇಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬೇರೆ ಬೇರೆ ತಂದೆಯರ ಮಕ್ಕಳು ಅಜ್ಜನ ಆಸ್ತಿಯನ್ನು ಹಂಚಿಕೊಳ್ಳುವಾಗ ಪಾಲು ‘ಪಿತೃತಃ’ ಆಗಬೇಕೆಂದು ಆ ಸ್ಮೃತಿಯ ನಿರ್ಣಯ. ತಸಿಪ್ರತ್ಯಯಾಂತವಾದ ಈ ಒಂದು ಪದವು ‘ಪರ್ ಸ್ಟರ್ಪೀಸ್’ ಎಂಬುದರ ಸಮಗ್ರಾರ್ಥವನ್ನೂ ಹೊತ್ತಿದೆ: ತಂದೆಯ ಲೆಕ್ಕದಿಂದ, ತಲೆಯ ಲೆಕ್ಕದಿಂದಲ್ಲ. ಕೋಲ್‌ಬ್ರೂಕರು ೧೮೧೦ರಲ್ಲಿ ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ಪರಿವರ್ತಿಸಿದರು. ಅನಂತರದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞರು ಅದೇ ಭಾವಕ್ಕೆ ರೋಮಿನವರ ಮಾತನ್ನು ತೊಡಿಸಿದರು. ನಾವು ಆ ಮಾತಿಗೆ ಕನ್ನಡವನ್ನು ಹುಡುಕುತ್ತಿದ್ದೇವೆ. ಕಲ್ಯಾಣದಿಂದ ಹೊರಟ ಅರ್ಥವು ಕಲ್ಕತ್ತೆ, ಲಂಡನ್ನುಗಳನ್ನು ಸುತ್ತಿ ವೇಷಾಂತರದಿಂದ ಕರ್ನಾಟಕಕ್ಕೆ ಮರಳಿದೆ. ಗುರುತಿಸಲಾರದೆ ಬಾಗಿಲಲ್ಲಿ ನಿಲ್ಲಿಸಿದ್ದೇವೆ.

ಇದನ್ನು ಕನ್ನಡದಲ್ಲಿ ಹೇಳುವುದು ಕಷ್ಟವೇ? ನಮ್ಮ ಚತುರ್ಥಿಯು ಹಂಚಿಕೆಯ ಅರ್ಥವನ್ನೂ ಕೊಡುತ್ತದೆ. ‘ಮನೆಗೊಬ್ಬ’, ‘ಎಲೆಗೆರಡು’ ಎಂದು ಯಾರು ಆಡುವುದಿಲ್ಲ? ಅರ್ಥಶಾಸ್ತ್ರದಲ್ಲಿ ‘ತಲಾ ಆದಾಯ’ ಎಂಬ ಪದವು ಆಗಲೇ ನೆಲೆಗೊಂಡಿದೆ. ಆದಕಾರಣ ‘ತಲೆಗಿಷ್ಟು’, ‘ಕವಲಿಗಿಷ್ಟು’ ಎಂಬ ಜೋಡಿಪದಗಳನ್ನು ಸೂಚಿಸುತ್ತೇನೆ. ಮೂಲದಲ್ಲಿರುವುದು ಬುಡ, ನಾನು ಹೇಳಿದುದು ಕವಲು. ಅಧಿನಿಯಮದ ಇಂಗ್ಲಿಷಿನಲ್ಲಿಯೇ ಮರದ ಕೊಂಬೆಯ ಪದವು ಈ ಅರ್ಥದಲ್ಲಿ ಬಂದಿರುವುದರಿಂದಲೂ, ಕನ್ನಡದಲ್ಲಿ ವಂಶಕ್ಕೆ ‘ಕವಲು’ ಎಂಬ ಮಾತೇ ರೂಢವಾಗಿರುವುದರಿಂದಲೂ ಹೀಗೆ ಮಾಡಿದ್ದೇನೆ.

೬. ಆಕ್ಷೇಪ, ಸಮಾಧಾನ

ಇಲ್ಲಿ ಸುಜ್ಞರಾದ ವಾಚಕರು ಆಕ್ಷೇಪಿಸಬಹುದು: ‘ಈ ನುಡಿಗಳು ಈಗ ಲ್ಯಾಟಿನ್ ಅಲ್ಲ, ಇಂಗ್ಲಿಷ್ ನ್ಯಾಯಶಾಸ್ತ್ರದ ಪಾರಿಭಾಷಿಕಗಳು. ರೂಢಿಯು ಯೋಗವನ್ನು ನುಂಗುತ್ತದೆ. ವ್ಯುತ್ಪತ್ತಿಯಿಂದ ಅರ್ಥವನ್ನು ನಿರ್ಣಯಿಸಿದರೆ ಕುಶಲನೆಂದರೆ ದರ್ಭೆಯನ್ನು ಕೊಯ್ಯುವವನೆಂದೇ ಹೇಳಬೇಕಾದೀತು.’ ಈ ಆಕ್ಷೇಪವು ಬಲವುಳ್ಳದ್ದು. ಆದುದರಿಂದಲೇ ‘ಬೋನಫೈಡ್ ಸರ್ಟಿಫಿಕೇಟ್’ ಎಂಬಲ್ಲಿ ರೂಢ್ಯರ್ಥವನ್ನೇ ಹಿಡಿಯಬೇಕೆಂದೆನು. ಆದರೆ ಶಬ್ದಗಳಲ್ಲಿ ಕೇವಲ ರೂಢಗಳಲ್ಲದೆ ಪಂಕಜಾದಿಗಳಂತೆ ಯೋಗರೂಢಗಳೂ ಉಂಟಷ್ಟೆ? ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲ. ಆದರೆ ಪಂಕಜವು ಕೆಸರಿನಲ್ಲಿ ಹುಟ್ಟಿದುದೇ. ನ್ಯಾಯಾಲಯದಲ್ಲಿ ಬಳಕೆಯಾಗುವ ಈ ನುಡಿಗಳು ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದವು. ರೂಢಿಯು ಅವುಗಳ ವಿಷಯವನ್ನು ಕಿರಿದುಮಾಡಿದೆ, ಕಾರಕಸಂಬಂಧವನ್ನು ಅಳಿಸಿಲ್ಲ. ಇಂದಿಗೂ ‘ಹೇಬಿಯಸ್ ಕಾರ್ಪಸ್’ ಆಜ್ಞೆಯು ಹೋಗುವುದು ಬಂಧಿಸಿದವನಿಗೇ. ಇಂದಿಗೂ ‘ಸುವೊ ಮೋಟು’ ಎಂಬುದರ ಪ್ರೇರಣೆ ನ್ಯಾಯಾಲಯದ್ದೇ.

ಇದಕ್ಕೆ ವಿರುದ್ಧವಾದ ಇನ್ನೊಂದು ಆಕ್ಷೇಪ ನನ್ನ ಸಹಾಧ್ಯಾಯಿಗಳಾದ ಪಂಡಿತರಿಂದ ಬರಬಹುದು: ಲ್ಯಾಟಿನ್ನಿಗೆ ಜ್ಞಾತಿಯಾದುದು ಸಂಸ್ಕೃತವಲ್ಲವೇ, ಹಾಗಾದರೆ ಪ್ರತಿಪದಗಳನ್ನು ಅಲ್ಲಿಂದಲೇ ತರಬೇಕಲ್ಲವೇ ಎಂದು. ಜ್ಞಾತಿತ್ವವು ಮೂಲವನ್ನು ತಿಳಿಯುವುದಕ್ಕೆ ಸಾಧನ. ಅನುವಾದದ ಯೋಗ್ಯತೆಗೆ ಪ್ರಮಾಣವಲ್ಲ. ‘ಪದನಿಮಿತ್ತ’ ನಿಂತಿತು, ‘ಉತ್ಪ್ರೇಷಣ’ ನಿಲ್ಲಲು ಕಷ್ಟಪಡುತ್ತಿದೆ, ಎರಡೂ ಸಂಸ್ಕೃತವೇ. ‘ಮೇಲ್ನೋಟಕ್ಕೆ’, ‘ತಲಾ’ ಎಂಬ ಅಚ್ಚಗನ್ನಡದ ಮಾತುಗಳು ಯಾರ ಶಿಫಾರಸೂ ಇಲ್ಲದೆ ನಿಂತವು.

ಆದಕಾರಣ ಪಾರಿಭಾಷಿಕಪದಗಳನ್ನು ರಚಿಸುವವರ ಮುಂದೆ ಮೂರು ಸೂಚನೆಗಳನ್ನಿಟ್ಟು ವಿರಮಿಸುತ್ತೇನೆ. ಮೊದಲನೆಯದು: ಕಿರುನುಡಿಯ ಪ್ರತಿಯೊಂದು ಪದದ ವಿಭಕ್ತಿಯನ್ನೋ ಪುರುಷವಚನಗಳನ್ನೋ ಮೂಲದಲ್ಲಿ ನೋಡಿ ತಿಳಿಯಬೇಕು, ಇಂಗ್ಲಿಷಿನ ತಾತ್ಪರ್ಯವನ್ನು ಆಮೇಲೆ ನೋಡಬೇಕು. ಎರಡನೆಯದು: ಕ್ರಿಯಾವಿಶೇಷಣವನ್ನು ವಿಶೇಷಣವಾಗಿಯೂ ಆಖ್ಯಾತವನ್ನು ಭಾವನಾಮವಾಗಿಯೂ ಮಾಡುವ ಮೊದಲು, ಹಾಗೆ ಮಾಡಿದರೆ ಕರ್ತೃ ಕಾಣೆಯಾಗುವನೇ ಎಂದು ಕೇಳಿಕೊಳ್ಳಬೇಕು. ಮೂರನೆಯದು: ‘ಇಂದ’, ‘ಗೆ’, ‘ಅಲ್ಲಿ’ ಎಂಬ ನಮ್ಮ ಪ್ರತ್ಯಯಗಳಿಂದ ಆಗುವ ಕೆಲಸಕ್ಕೆ ಹೊಸ ಸಮಾಸವನ್ನು ಕಟ್ಟಬಾರದು. ಲ್ಯಾಟಿನ್ ಬಲ್ಲವರು ನಮ್ಮಲ್ಲಿ ವಿರಳ; ಆದರೆ ಒಂದು ವಾಕ್ಯದಲ್ಲಿ ಯಾರು, ಯಾರಿಗೆ, ಯಾವುದರಿಂದ ಎಂದು ಕೇಳಬಲ್ಲವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ನ್ಯಾಯಾಲಯದ ಕಾಗದವನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಬೇಕಾಗಿರುವುದು ಆ ಮೂರು ಪ್ರಶ್ನೆಗಳ ಉತ್ತರವೇ.